ಪುಟ್ಟ ಮಕ್ಕಳಿರುವ ಮನೆಯಲ್ಲಿ ಕುಟುಂಬ ಪ್ರಾರ್ಥನೆ: ಪದೇ ಪದೇ ಕೇಳುವ ಪ್ರಶ್ನೆಗಳು

ಮಂಜೇಶ್ವರ, ಉಪ್ಪಳ, ಕುಂಬಳೆ, ಬದಿಯಡ್ಕ, ಕಾಸರಗೋಡು ಕಡೆಯ ಕ್ರೈಸ್ತ ಮನೆಗಳ ಅಪ್ಪ ಅಮ್ಮಂದಿರು ಕೇಳುವ ಪ್ರಶ್ನೆಗಳಿವು. ಸಂಡೇ ಸ್ಕೂಲ್ ಮುಗಿದ ಮೇಲೆ ಚರ್ಚ್ ಮೆಟ್ಟಿಲ ಹತ್ತಿರ, ಮದುವೆ ಊಟದ ಸಾಲಿನಲ್ಲಿ, ರಾತ್ರಿ ವಾಟ್ಸಾಪಿನಲ್ಲಿ ಕೇಳುತ್ತಾರೆ. ನಮ್ಮಲ್ಲಿ ಸಿ.ಎಸ್.ಐ. (ಚರ್ಚ್ ಆಫ್ ಸೌತ್ ಇಂಡಿಯಾ ಎಂಬ ಪ್ರೊಟೆಸ್ಟೆಂಟ್ ಸಭೆಯ) ಮನೆಗಳಿವೆ. ಕೊಂಕಣಿ ಮಾತಾಡುವ ಕಥೋಲಿಕ ಮನೆಗಳಿವೆ. ಪೆಂತೆಕೋಸ್ತ್ ಮನೆಗಳಿವೆ. ಮೂಡಲ ಗುಡ್ಡದ ಕಡೆ ಮಲಯಾಳಂ ಮಾತಾಡುವ ಸಿರಿಯನ್ ಕ್ರೈಸ್ತ ಮನೆಗಳೂ ಇವೆ. ಪದ್ಧತಿ ಬೇರೆ ಬೇರೆ, ಮಕ್ಕಳ ತಂಟೆ ಮಾತ್ರ ಎಲ್ಲಾ ಕಡೆ ಒಂದೇ. ಎರಡರಿಂದ ಹತ್ತು ವರ್ಷದ ಮಕ್ಕಳನ್ನು ಮನಸ್ಸಿನಲ್ಲಿಟ್ಟು ಉತ್ತರ ಬರೆದಿದ್ದೇನೆ.

ಭಾನುವಾರ ಚರ್ಚಿಗೆ ಹೋಗುತ್ತೇವೆ, ಸಂಡೇ ಸ್ಕೂಲಿಗೂ ಕಳಿಸುತ್ತೇವೆ. ಮನೆಯಲ್ಲೂ ಬೇಕಾ?

ಬೇಕು. ಬೈಬಲಿನ ಧರ್ಮೋಪದೇಶಕಾಂಡದ 6ನೇ ಅಧ್ಯಾಯ ಓದಿ ನೋಡಿ. ಮನೆಯಲ್ಲಿ ಕೂತಾಗ, ದಾರಿ ನಡೆಯುವಾಗ, ಮಲಗುವಾಗ, ಏಳುವಾಗ ದೇವರ ಮಾತುಗಳನ್ನು ಮಕ್ಕಳ ಜೊತೆ ಆಡಬೇಕು ಎನ್ನುತ್ತದೆ. ಈ ಕೆಲಸವನ್ನು ಯಾಜಕರಿಗೆ ವಹಿಸಿಲ್ಲ, ಮನೆಯವರಿಗೇ ವಹಿಸಿದೆ. ತನ್ನ ಶಿಷ್ಯ ತಿಮೊಥೆಯನ ನಂಬಿಕೆಯ ಬಗ್ಗೆ ಬರೆಯುವಾಗ ಅಪೊಸ್ತಲ ಪೌಲ ನೆನೆಯುವುದು ಅವನ ಅಜ್ಜಿ ಲೋವಿಯನ್ನೂ ತಾಯಿ ಯೂನಿಕೆಯನ್ನೂ. ಪ್ರೊಟೆಸ್ಟೆಂಟ್ ಸುಧಾರಣೆ ಶುರು ಮಾಡಿದ ಲೂಥರ್ 1529ರಲ್ಲಿ ಚಿಕ್ಕ ಪ್ರಶ್ನೋತ್ತರ ಪುಸ್ತಕ ಬರೆದದ್ದೂ ಮನೆಯ ಯಜಮಾನ ತನ್ನ ಮನೆಮಂದಿಗೆ ಕಲಿಸಲಿ ಎಂದೇ. ಕಥೋಲಿಕರಲ್ಲಿ ಎರಡನೇ ವ್ಯಾಟಿಕನ್ ಮಹಾಸಭೆ 1964ರಲ್ಲಿ ಕುಟುಂಬವನ್ನು ಮನೆಯ ಧರ್ಮಸಭೆ ಎಂದು ಕರೆಯಿತು. ಎಷ್ಟೋ ವಿಷಯದಲ್ಲಿ ಜಗಳ ಆಡಿದ ಎರಡು ಕಡೆಯವರೂ ಇಲ್ಲಿ ಒಂದೇ ಮಾತು ಹೇಳುತ್ತಾರೆ.

ಒಂದು ವಿಷಯ ಮೊದಲೇ ಹೇಳಿಬಿಡುತ್ತೇನೆ. ಮುಂದಿನ ಎಲ್ಲಾ ಉತ್ತರಕ್ಕೂ ಅದೇ ಆಧಾರ. "ಮಕ್ಕಳಿಗೆ ಪ್ರಾರ್ಥನೆ ಕಲಿಸೋಣ" ಎಂದು ಶುರು ಮಾಡಿದರೆ ಅದು ಇನ್ನೊಂದು ಟ್ಯೂಷನ್ ಆಗುತ್ತದೆ. ದೊಡ್ಡವರು ನಿಜವಾಗಿ ಪ್ರಾರ್ಥಿಸಬೇಕು, ಮಕ್ಕಳು ಜೊತೆಗೆ ಕೂರಬೇಕು. ಅಮ್ಮ ಕಣ್ಣು ಮುಚ್ಚಿ ತನ್ನ ಚಿಂತೆಯನ್ನು ದೇವರಿಗೆ ಹೇಳುತ್ತಿದ್ದಾಳೋ, ಅಥವಾ ಮಗುವಿಗೆ ಪಾಠ ಒಪ್ಪಿಸುತ್ತಿದ್ದಾಳೋ ಎಂಬುದು ನಾಲ್ಕು ವರ್ಷದ ಮಗುವಿಗೂ ಗೊತ್ತಾಗುತ್ತದೆ.

ಎಷ್ಟು ಹೊತ್ತು ಮಾಡಬೇಕು?

ಐದು ವರ್ಷದೊಳಗಿನ ಮಗು ಇದ್ದರೆ ಐದರಿಂದ ಏಳು ನಿಮಿಷ. ಆರರಿಂದ ಹತ್ತು ವರ್ಷದವರಿದ್ದರೆ ಹತ್ತು ಹನ್ನೆರಡು ನಿಮಿಷ. ಅಷ್ಟೇ.

ಕಮ್ಮಿ ಆಯಿತು ಅನ್ನಿಸಬಹುದು. ತ್ರೋವ ಎಂಬ ಊರಿನಲ್ಲಿ ಪೌಲ ಮಧ್ಯರಾತ್ರಿವರೆಗೆ ಮಾತಾಡಿದಾಗ ಯೂತಿಖ ಎಂಬ ಯುವಕ ಕಿಟಕಿಯಲ್ಲೇ ನಿದ್ದೆ ಹೋಗಿ ಮೂರನೇ ಅಂತಸ್ತಿನಿಂದ ಕೆಳಗೆ ಬಿದ್ದ (ಅಪೊಸ್ತಲರ ಕೃತ್ಯಗಳು 20). ಪೌಲನೇ ಮಾತಾಡಿದರೂ ಹಾಗಾಯಿತು. ನಮ್ಮದು ಯಾವ ಲೆಕ್ಕ ಅಲ್ವಾ? ಲೂಥರ್ ತನ್ನ ಪುಸ್ತಕದಲ್ಲಿ ರಾತ್ರಿಯ ಪ್ರಾರ್ಥನೆಯನ್ನು ತೀರಾ ಚಿಕ್ಕದಾಗಿ ಬರೆದು, ಆಮೇಲೆ ಖುಷಿಯಿಂದ ಕೂಡಲೇ ಮಲಗಿ ಎಂದಿದ್ದಾನೆ. ಮಕ್ಕಳಿರುವ ಮನೆಗೆ ಇದು ಒಳ್ಳೆಯ ಸಲಹೆ.

ಮಗು "ಇನ್ನೊಂದು ಹಾಡು" ಎಂದು ಕೇಳಿದರೆ ಹಾಡಿ. ಕೇಳದಿದ್ದರೆ ಮುಗಿಸಿ.

ಯಾವ ಹೊತ್ತು ಒಳ್ಳೆಯದು?

ಮನೆಯಲ್ಲಿ ಎಲ್ಲರೂ ಇರುವ ಹೊತ್ತು. ಮಂಗಳೂರಿಗೆ ಕೆಲಸಕ್ಕೆ ಹೋಗುವವರು ರೈಲೋ ಬಸ್ಸೋ ಹಿಡಿದು ತಲಪಾಡಿ ದಾಟಿ ಮನೆ ಸೇರುವಾಗ ಏಳೂವರೆ ಎಂಟು ಆಗುತ್ತದೆ. ಆಗ ಸ್ನಾನ, ಊಟ, ಹೋಮ್‌ವರ್ಕ್. ಒಂಬತ್ತೂವರೆಗೆ ಪ್ರಾರ್ಥನೆ ಎಂದರೆ ಚಿಕ್ಕ ಮಗು ಅಲ್ಲೇ ಕುಸಿದು ಮಲಗಿರುತ್ತದೆ. ನನ್ನ ಅನಿಸಿಕೆ, ಊಟಕ್ಕೆ ಮುಂಚೆ ಮಾಡಿ. ಹಸಿವಾದ ಕಾರಣ ಯಾರೂ ಉದ್ದ ಎಳೆಯುವುದಿಲ್ಲ, ಅದೂ ಒಂದು ಲಾಭ.

ಹಳೆಯ ಕಾಲದಲ್ಲಿ ದೀಪ ಹಚ್ಚುವ ಹೊತ್ತೇ ಪ್ರಾರ್ಥನೆಯ ಹೊತ್ತಾಗಿತ್ತು. ಕೊಂಕಣಿ ಮನೆಗಳಲ್ಲಿ ಸಂಜೆಯ ತೇರ್ಸ್ (ಜಪಸರದ ಪ್ರಾರ್ಥನೆ), ಸಿರಿಯನ್ ಮನೆಗಳಲ್ಲಿ ಕುರಿಶುವರ (ಸಂಜೆಯ ಮನೆಪ್ರಾರ್ಥನೆ). ಅಕ್ಕಪಕ್ಕದಲ್ಲಿ ಅದೇ ಹೊತ್ತಿಗೆ ಮಸೀದಿಯ ಬಾಂಗ್, ಇನ್ನೊಂದು ಕಡೆ ಭಜನೆ. ಇಡೀ ಊರು ಒಟ್ಟಿಗೆ ದೇವರ ನೆನಪು ಮಾಡುವ ಹೊತ್ತದು. ಮಧ್ಯಾಹ್ನದ ಶಿಫ್ಟ್ ಇಲ್ಲದವರಿಗೆ ಈಗಲೂ ಅದೇ ಸರಿ.

ಬೆಳಿಗ್ಗೆ? ಶಾಲೆ ವ್ಯಾನ್ ಏಳೂಮುಕ್ಕಾಲಿಗೆ ಗೇಟಿನ ಹತ್ತಿರ ಹಾರ್ನ್ ಹೊಡೆಯುವ ಮನೆಯಲ್ಲಿ ಬೆಳಿಗ್ಗೆ ಬೇಡ. ಬಾಗಿಲಲ್ಲಿ ಮಗುವಿನ ಹಣೆಗೆ ಶಿಲುಬೆ ಗುರುತು ಹಾಕಿ, ಅಥವಾ ತಲೆ ಮೇಲೆ ಕೈಯಿಟ್ಟು ಒಂದು ವಾಕ್ಯ ಹೇಳಿ ಕಳಿಸಿದರೆ ಸಾಕು.

ಎರಡು ವರ್ಷದ ಮಗ ಒಂದು ಕ್ಷಣ ಕೂರುವುದಿಲ್ಲ. ಏನು ಮಾಡಲಿ?

ಕೂರಿಸಬೇಡಿ. ಎರಡು ವರ್ಷದ ಮಗು ಕೂರುವುದಿಲ್ಲ, ಅದು ಸಹಜ. ಅದು ಕೋಣೆಯಲ್ಲಿದ್ದರೆ ಸಾಕು. ಮಡಿಲಲ್ಲಿ, ನೆಲದಲ್ಲಿ, ಕುರ್ಚಿಯ ಅಡಿಯಲ್ಲಿ. ಬಾಗಿಲು ಮಾತ್ರ ಹಾಕಿಡಿ. ಈ ಪ್ರಾಯದ ಮಗುವಿಗೆ ಮೂರು ಕೆಲಸ ಕೊಡಬಹುದು: ಬೈಬಲ್ ತಂದು ಕೊಡುವುದು, ಹಾಡಿಗೆ ಚಪ್ಪಾಳೆ ತಟ್ಟುವುದು, ಕೊನೆಗೆ ಜೋರಾಗಿ "ಆಮೆನ್" ಹೇಳುವುದು. ನಡುವೆ ನಾಲ್ಕು ಸಲ ಆಮೆನ್ ಹೇಳಿದರೂ ನಗಬೇಡಿ, ಗದರಬೇಡಿ, ಮುಂದೆ ಹೋಗಿ.

ಹಳೆಯ ಮನೆಗಳಲ್ಲಿ ಮಕ್ಕಳನ್ನು ಮೊಣಕಾಲೂರಿಸಿ ಅರ್ಧ ಗಂಟೆ ಇರಿಸುತ್ತಿದ್ದರು, ಅಲುಗಾಡಿದರೆ ಬೆತ್ತ. ಹಾಗೆ ಬೆಳೆದ ಎಷ್ಟೋ ಜನ ದೊಡ್ಡವರಾದ ಮೇಲೆ ಪ್ರಾರ್ಥನೆ ಎಂದರೆ ಮೊಣಕಾಲು ನೋವನ್ನೇ ನೆನೆಯುತ್ತಾರೆ. ಪ್ರಾರ್ಥನೆಯ ಹೊತ್ತಿನಲ್ಲಿ ಹೊಡೆಯುವುದು, ಪ್ರಾರ್ಥನೆಯನ್ನೇ ಶಿಕ್ಷೆಯಾಗಿ ಕೊಡುವುದು, "ಇವತ್ತು ಸುಳ್ಳು ಹೇಳಿದ ಇವನನ್ನು ಕ್ಷಮಿಸು ಸ್ವಾಮಿ" ಎಂದು ಎಲ್ಲರ ಎದುರು ಮಗುವಿನ ಮಾನ ಕಳೆಯುವುದು, ಇವನ್ನು ಖಂಡಿತ ಮಾಡಬೇಡಿ. ಕೊನೆಯದು ಬಹಳ ಮನೆಗಳಲ್ಲಿ ನಡೆಯುತ್ತದೆ. ಮಗುವಿಗೆ ಹೇಳಬೇಕಾದ್ದನ್ನು ಮಗುವಿಗೇ ಹೇಳಿ, ದೇವರ ಮೂಲಕ ಹೇಳಿಸಬೇಡಿ.

ಕ್ರಮ ಹೇಗಿರಬೇಕು? ಏನೇನು ಬೇಕು?

ಒಂದು ಹಾಡು, ಒಂದು ಚಿಕ್ಕ ಓದು, ಒಂದೆರಡು ಮಾತು, ಪ್ರಾರ್ಥನೆ, ಕೊನೆಗೆ ಕರ್ತನ ಪ್ರಾರ್ಥನೆ (ಯೇಸು ಶಿಷ್ಯರಿಗೆ ಕಲಿಸಿದ ಪ್ರಾರ್ಥನೆ). ಪ್ರತಿದಿನ ಇದೇ ಕ್ರಮ ಇರಲಿ. ದೊಡ್ಡವರಿಗೆ ಬೇಜಾರಾಗುತ್ತದೆ, ಮಕ್ಕಳಿಗೆ ಆಗುವುದಿಲ್ಲ. ಮುಂದೆ ಏನು ಬರುತ್ತದೆಂದು ಗೊತ್ತಿದ್ದರೆ ಮಗು ನೆಮ್ಮದಿಯಿಂದ ಇರುತ್ತದೆ. ಬೇಕಾದ ಸಾಮಾನು ಒಂದು ಬೈಬಲ್, ಒಂದು ಹಾಡಿನ ಪುಸ್ತಕ. ಮಳೆಗಾಲದಲ್ಲಿ ಕರೆಂಟ್ ಕೈಕೊಡುವುದರಿಂದ ಒಂದು ಮೇಣದಬತ್ತಿ. ಮೇಣದಬತ್ತಿ ಆರಿಸುವ ಹಕ್ಕಿಗಾಗಿ ಮಕ್ಕಳು ಜಗಳ ಮಾಡುತ್ತಾರೆ, ಸರದಿ ಇಟ್ಟುಕೊಳ್ಳಿ.

ಬೈಬಲಿನಲ್ಲಿ ಎಲ್ಲಿಂದ ಶುರು ಮಾಡಲಿ? ಆದಿಕಾಂಡದಿಂದಲೇ ಓದುತ್ತಾ ಹೋಗಬೇಕಾ?

ಹಾಗೆ ಹೋದವರು ನಿಯಮಗಳೇ ತುಂಬಿರುವ ಯಾಜಕಕಾಂಡದ ಹತ್ತಿರ ನಿಂತುಬಿಡುತ್ತಾರೆ. ಮಾರ್ಕನ ಸುವಾರ್ತೆಯಿಂದ ಶುರು ಮಾಡಿ. ಬರೀ 16 ಅಧ್ಯಾಯ, ಕಥೆ ಓಡುತ್ತದೆ, ಉಪದೇಶ ಕಮ್ಮಿ, ಘಟನೆ ಜಾಸ್ತಿ. ದಿನಕ್ಕೆ ಒಂದು ಘಟನೆ. ಆಮೇಲೆ ಲೂಕನ ಸುವಾರ್ತೆಯಲ್ಲಿರುವ ಸಾಮ್ಯಗಳು (ಯೇಸು ಹೇಳಿದ ದೃಷ್ಟಾಂತ ಕಥೆಗಳು), ಆಮೇಲೆ ಯೋಸೇಫನ ಕಥೆ, ಸಮುವೇಲ, ದಾವೀದ, ರೂತಳು.

ನಮ್ಮ ಊರಿನ ಮಕ್ಕಳಿಗೆ ಸುವಾರ್ತೆಯ ಎಷ್ಟೋ ಕಥೆ ಸುಲಭವಾಗಿ ಹತ್ತಿರವಾಗುತ್ತವೆ. ಮಾರ್ಕ 4ರ ಬಿರುಗಾಳಿಯನ್ನು ಮುಸೋಡಿ, ಕುಂಬಳೆ ಕಡಲ ತೀರದ ಮಗುವಿಗೆ ವಿವರಿಸಬೇಕಾಗಿಲ್ಲ. ಕಡಲು ಕೊರೆದು ತೆಂಗಿನ ಮರ ಉರುಳಿದ್ದನ್ನು ಅದು ಕಂಡಿದೆ. ಅಂಥ ಕಡಲಿನಲ್ಲಿ, ದೋಣಿಯ ಹಿಂಬದಿಯಲ್ಲಿ, ತಲೆದಿಂಬಿನ ಮೇಲೆ ಯೇಸು ಮಲಗಿದ್ದ ಎಂದರೆ ಮಗುವಿನ ಕಣ್ಣು ಅರಳುತ್ತದೆ. ಯೋಹಾನ 21ರಲ್ಲಿ ಪುನರುತ್ಥಾನದ ಯೇಸು ಕೆಂಡದ ಮೇಲೆ ಮೀನು ಸುಟ್ಟು ಶಿಷ್ಯರಿಗೆ ಬೆಳಗಿನ ಊಟ ಕೊಡುತ್ತಾನೆ. ಬಲೆಯಲ್ಲಿ 153 ದೊಡ್ಡ ಮೀನು. "ಬಂಗುಡೆಯಾ ಪಪ್ಪ?" ಎಂದು ಮಗು ಕೇಳಿದರೆ, ಅದು ಕೆರೆಯಂಥ ಸಿಹಿನೀರಿನ ಕಡಲು, ಅಲ್ಲಿ ಬಂಗುಡೆ ಇಲ್ಲ ಎಂದು ಹೇಳಿ. ಗಲಿಲಾಯದ ನಕ್ಷೆ ತೋರಿಸಲು ಒಂದು ಕಾರಣ ಸಿಕ್ಕಿತು. ಜಕ್ಕಾಯ ಮರ ಹತ್ತಿದ ಕಥೆಯನ್ನು ಗೇರು ಮರ ಹತ್ತಿ ಬೈಸಿಕೊಂಡ ಹುಡುಗನಿಗೆ ಓದಿ ನೋಡಿ.

ಕೀರ್ತನೆಗಳಲ್ಲಿ 23, 100, 121 ಬಾಯಿಪಾಠಕ್ಕೆ ಒಳ್ಳೆಯವು. 117ರಲ್ಲಿ ಎರಡೇ ವಚನ. ಒಂದು ಕೀರ್ತನೆ ಪೂರ್ತಿ ಬರುತ್ತದೆ ಎಂದು ಐದು ವರ್ಷದ ಮಗು ಜಂಬದಿಂದ ಹೇಳಿಕೊಳ್ಳಬಹುದು. 136ರ 26 ವಚನಗಳಲ್ಲೂ ಕೊನೆಗೆ ದೇವರ ಕೃಪೆ ಶಾಶ್ವತ ಎಂಬ ಸಾಲು ಮರಳಿ ಬರುತ್ತದೆ. ದೊಡ್ಡವರು ಮೊದಲರ್ಧ ಓದಿ, ಆ ಸಾಲನ್ನು ಮಕ್ಕಳು ಕೂಗಲಿ. ಓದಲು ಬಾರದ ಮಗುವೂ ಪೂರ್ತಿ ಪಾಲುಗೊಳ್ಳುತ್ತದೆ. 119 ಈಗ ಬೇಡ, ಅದರಲ್ಲಿ 176 ವಚನ ಇವೆ.

ಹಳೆಯ ಸತ್ಯವೇದದ ಭಾಷೆ ಮಕ್ಕಳಿಗೆ ಕಷ್ಟ ಎಂದಾದರೆ ಸುಲಭ ಕನ್ನಡದ ಅನುವಾದ ಇಟ್ಟುಕೊಳ್ಳಿ. ಬಾಯಿಪಾಠಕ್ಕೆ ಮಾತ್ರ ನಿಮ್ಮ ಚರ್ಚಿನಲ್ಲಿ ಯಾವುದನ್ನು ಓದುತ್ತಾರೋ ಅದನ್ನೇ ಹಿಡಿಯಿರಿ. ಭಾನುವಾರ ತನಗೆ ಗೊತ್ತಿರುವ ವಾಕ್ಯ ಕೇಳಿಸಿದಾಗ ಮಗು ತಲೆಯೆತ್ತಿ ನೋಡುತ್ತದೆ.

ಕೆಲವು ಕಥೆ ಭಯ ಹುಟ್ಟಿಸುವಂಥವು. ಬಿಟ್ಟುಬಿಡಬಹುದಾ?

ಕೆಲವನ್ನು ಬಿಡಿ. ನ್ಯಾಯಸ್ಥಾಪಕರ 19ನೇ ಅಧ್ಯಾಯ ಮಕ್ಕಳಿಗಲ್ಲ. ಎಲೀಷ ಮತ್ತು ಕರಡಿಗಳ ಕಥೆಯೂ ತಡವಾಗಿ ಬರಲಿ. ಆದರೆ ಶಿಲುಬೆಯ ಕಥೆಯನ್ನು ಬಿಡಬೇಡಿ. ರಕ್ತದ ವಿವರ ಬೇಡ, ನಡೆದದ್ದನ್ನು ಹೇಳಿ, ಅದೇ ಸಂಜೆ ಪುನರುತ್ಥಾನದವರೆಗೆ ಓದಿ ಮುಗಿಸಿ.

ನೋಹನ ಕಥೆಯಲ್ಲಿ "ದೋಣಿ ಹತ್ತದ ಮಕ್ಕಳೆಲ್ಲ ಸತ್ತರಾ?" ಎಂದು ಕೇಳುವ ಮಗು ಸರಿಯಾಗಿಯೇ ಕೇಳುತ್ತಿದೆ. "ಹೌದು, ತುಂಬಾ ದುಃಖದ ಕಥೆ ಇದು, ನನಗೂ ಕಷ್ಟ ಆಗುತ್ತದೆ" ಎನ್ನಬಹುದು. ಸುಮ್ನೆ ಮಾತು ತಿರುಗಿಸಿ ಮಳೆಬಿಲ್ಲಿಗೆ ಹಾರಬೇಡಿ.

ಮನೆಯಲ್ಲಿ ತುಳು, ಅಜ್ಜಿಯದು ಕೊಂಕಣಿ, ಚರ್ಚಿನಲ್ಲಿ ಕನ್ನಡ, ಶಾಲೆಯಲ್ಲಿ ಮಲಯಾಳಂ ಅಥವಾ ಇಂಗ್ಲಿಷ್. ಯಾವ ಭಾಷೆಯಲ್ಲಿ ಪ್ರಾರ್ಥಿಸಬೇಕು?

ಇದು ಕಾಸರಗೋಡಿನಲ್ಲಿ ಮಾತ್ರ ಇಷ್ಟು ಜಟಿಲವಾಗುವ ಪ್ರಶ್ನೆ. ನನ್ನ ಉತ್ತರ ಹೀಗೆ: ಮಗು ತಾನಾಗಿ ದೇವರ ಹತ್ತಿರ ಮಾತಾಡುವಾಗ ಅದಕ್ಕೆ ಯಾವ ಭಾಷೆ ಬಾಯಿಗೆ ಬರುತ್ತದೋ ಅದು. ತುಳುವಿನಲ್ಲಿ ಶುರು ಮಾಡಿ ಮಲಯಾಳಂನಲ್ಲಿ ಮುಗಿಸಿದರೂ ತಿದ್ದಬೇಡಿ. ಓದು ಮತ್ತು ಹಾಡು ಮಾತ್ರ ಕನ್ನಡದಲ್ಲಿ ಇರಲಿ.

ಯಾಕೆಂದರೆ, 1956ರಲ್ಲಿ ನಾವು ಕೇರಳಕ್ಕೆ ಸೇರಿದ ಮೇಲೆ ಕನ್ನಡ ಅಕ್ಷರ ಮಕ್ಕಳ ಕಣ್ಣಿಗೆ ಬೀಳುವುದು ವರ್ಷದಿಂದ ವರ್ಷಕ್ಕೆ ಕಮ್ಮಿಯಾಗುತ್ತಿದೆ. ಬಸ್ಸಿನ ಬೋರ್ಡು ಮಲಯಾಳಂ, ಅರ್ಜಿ ಮಲಯಾಳಂ, 2017ರ ಕಾನೂನಿನಿಂದ ಶಾಲೆಗಳಲ್ಲಿ ಮಲಯಾಳಂ ಕಡ್ಡಾಯ. ಮಲಯಾಳಂ ಕಲಿಯುವುದು ತಪ್ಪಲ್ಲ, ಇಲ್ಲಿ ಬದುಕುವವರಿಗೆ ಬೇಕೇ ಬೇಕು. ಆದರೆ ಕನ್ನಡ ಓದಲು ಬಾರದ ಮಗು ಚರ್ಚಿನಲ್ಲಿ ಹಾಡಿನ ಪುಸ್ತಕ ಹಿಡಿದು ಬಾಯಿ ಅಲ್ಲಾಡಿಸುತ್ತದೆ ಅಷ್ಟೆ. ಕೊಂಕಣಿ ಕಥೋಲಿಕರಿಗೂ ಇದೇ ಕಷ್ಟ. ರಾಜ್ಯದ ಗಡಿ ಬದಲಾದರೂ ಬೇಳ, ಮಂಜೇಶ್ವರದ ಚರ್ಚುಗಳು ಮಂಗಳೂರು ಧರ್ಮಪ್ರಾಂತ್ಯದಲ್ಲೇ ಇವೆ, ಮಂಗಳೂರಿನ ಕೊಂಕಣಿ ಪ್ರಾರ್ಥನಾ ಪುಸ್ತಕಗಳು ಅಚ್ಚಾಗುವುದು ಕನ್ನಡ ಲಿಪಿಯಲ್ಲಿ. ಬಾಸೆಲ್ ಮಿಷನ್ ಎಂಬ ಕ್ರೈಸ್ತ ಮಿಷನರಿ ಸಂಸ್ಥೆಯವರು 1847ರಲ್ಲಿ ಹೊರತಂದ ತುಳು ಹೊಸ ಒಡಂಬಡಿಕೆಯೂ ಕನ್ನಡ ಲಿಪಿಯದ್ದೇ. ಒಂದು ಲಿಪಿ ಬಂದರೆ ಮೂರು ಭಾಷೆಯ ಪ್ರಾರ್ಥನೆ ತೆರೆಯುತ್ತದೆ.

ದಿನಕ್ಕೆ ಒಂದೇ ವಚನವನ್ನು ಮಗು ಬೆರಳಿಟ್ಟು ಓದಲಿ. ಒತ್ತಕ್ಷರದಲ್ಲಿ ಎಡವಿದರೆ ಮೆಲ್ಲಗೆ ಹೇಳಿಕೊಡಿ. ಇಡೀ ಅಧ್ಯಾಯ ಓದಿಸಲು ಹೋದರೆ ಪ್ರಾರ್ಥನೆಯೂ ಹೋಯಿತು, ಕನ್ನಡವೂ ಹೋಯಿತು.

ನಮಗೆ ಹಾಡಲು ಬರುವುದಿಲ್ಲ.

ಪರವಾಗಿಲ್ಲ. ಮಕ್ಕಳಿಗೆ ರಾಗದ ಪರೀಕ್ಷೆ ಮಾಡಲು ಬರುವುದಿಲ್ಲ. ಒಂದು ತಿಂಗಳಿಗೆ ಒಂದೇ ಹಾಡು ಇಟ್ಟುಕೊಳ್ಳಿ, ಒಂದೇ ಚರಣ. ಯೂಟ್ಯೂಬ್ ಹಾಕಿ ಅದರ ಜೊತೆ ಹಾಡುವುದು ಕಲಿಯುವ ದಿನಕ್ಕೆ ಸರಿ, ದಿನಾ ಬೇಡ. ಹಾಡು ಮುಗಿದ ಮೇಲೆ ಅದು ತಾನಾಗಿ ಇನ್ನೊಂದು ವಿಡಿಯೋ ಶುರು ಮಾಡುತ್ತದೆ, ಮಕ್ಕಳ ಕಣ್ಣು ಅಲ್ಲೇ ಅಂಟಿಕೊಳ್ಳುತ್ತದೆ.

ಹಾಗಾದರೆ ಬೈಬಲ್ ಆ್ಯಪ್ ಬೇಡವಾ?

ದೊಡ್ಡವರು ಬಸ್ಸಿನಲ್ಲಿ ಓದಿಕೊಳ್ಳಲಿ. ಮನೆಯಲ್ಲಿ ಕಾಗದದ ಪುಸ್ತಕ. ಫೋನ್ ಕೈಯಲ್ಲಿದ್ದರೆ ಪಪ್ಪ ಬೈಬಲ್ ಓದುತ್ತಿದ್ದಾರೋ ಮೆಸೇಜ್ ನೋಡುತ್ತಿದ್ದಾರೋ ಮಗುವಿಗೆ ಹೇಗೆ ಗೊತ್ತಾಗಬೇಕು?

ನಾವು ಕಥೋಲಿಕರು. ಪುಟ್ಟ ಮಕ್ಕಳನ್ನು ಕೂರಿಸಿಕೊಂಡು ತೇರ್ಸ್ ಪೂರ್ತಿ ಹೇಳಬೇಕಾ? ಅಜ್ಜಿ ಒಂದು ಮಣಿಯೂ ಬಿಡುವುದಿಲ್ಲ.

ಪೂರ್ತಿ ತೇರ್ಸ್ ಎಂದರೆ ಹತ್ತು ಹತ್ತು ಮಣಿಯ ಐದು ದಶಕ, ಐವತ್ತು ನಮೋ ಮರಿಯ ಪ್ರಾರ್ಥನೆ, ಕೊನೆಗೆ ಲದಿನ್ (ಮರಿಯಮ್ಮನ ಸ್ತುತಿಮಾಲೆ). ಇಪ್ಪತ್ತು ನಿಮಿಷಕ್ಕೆ ಕಮ್ಮಿ ಆಗುವುದಿಲ್ಲ. ಮೂರು ವರ್ಷದ ಮಗುವಿಗೆ ಅದು ಯುಗ. ಒಂದು ದಶಕ ಎಲ್ಲರೂ ಸೇರಿ ಹೇಳಿ. ಉಳಿದ ನಾಲ್ಕನ್ನು ಮಕ್ಕಳು ಮಲಗಿದ ಮೇಲೆ ದೊಡ್ಡವರು ಮುಗಿಸಲಿ. ಜಪಸರದ ತಿಂಗಳಾದ ಅಕ್ಟೋಬರಿನಲ್ಲಿ ಬೇಕಾದರೆ ಎರಡು ದಶಕಕ್ಕೆ ಏರಿಸಿ.

ರಹಸ್ಯಗಳನ್ನು, ಅಂದರೆ ಪ್ರತಿ ದಶಕದಲ್ಲಿ ಧ್ಯಾನಿಸುವ ಯೇಸು ಮತ್ತು ಮರಿಯಮ್ಮನ ಜೀವನದ ಘಟನೆಗಳನ್ನು, ಹೆಸರಿಗೆ ಹೇಳಿ ಓಡಬೇಡಿ. ಸೋಮವಾರ, ಶನಿವಾರ ಸಂತೋಷದ ರಹಸ್ಯ. ಮಂಗಳವಾರ, ಶುಕ್ರವಾರ ದುಃಖದ್ದು. ಬುಧವಾರ, ಭಾನುವಾರ ಮಹಿಮೆಯದ್ದು. ಗುರುವಾರಕ್ಕೆ ಎರಡನೇ ಜಾನ್ ಪಾಲ್ ಪೋಪರು 2002ರಲ್ಲಿ ಸೇರಿಸಿದ ಬೆಳಕಿನ ರಹಸ್ಯ. ಆ ದಿನದ ಒಂದು ರಹಸ್ಯ ತೆಗೆದು, ಅದರ ಕಥೆಯನ್ನು ನಾಲ್ಕು ವಾಕ್ಯದಲ್ಲಿ ಹೇಳಿ, ಆಮೇಲೆ ಮಣಿ ಹಿಡಿಯಿರಿ. ಗುರುವಾರ ಕಾನಾದ ಮದುವೆ ಹೇಳಿದರೆ ಮದುವೆ ಮನೆಯಲ್ಲಿ ಏನಾದರೂ ಖಾಲಿಯಾದರೆ ಎಷ್ಟು ಗಡಿಬಿಡಿ ಎಂದು ನಮ್ಮ ಮಕ್ಕಳಿಗೆ ಗೊತ್ತೇ ಇದೆ.

ಅಜ್ಜಿಯ ಹತ್ತಿರ ಜಗಳ ಮಾಡಬೇಡಿ. ಅಜ್ಜಿಯ ಮಡಿಲಲ್ಲಿ ಮಣಿ ಹಿಡಿದು ನಿದ್ದೆ ಹೋಗುವ ಮಗು ಏನೂ ಕಳೆದುಕೊಳ್ಳುವುದಿಲ್ಲ. ಮತ್ತೆ, ಕೊನೆಗೆ ಬೆಸಾಂವ್ ಕೇಳುವ ಪದ್ಧತಿಯನ್ನು ದಯವಿಟ್ಟು ಬಿಡಬೇಡಿ. ಮಕ್ಕಳು ಪ್ರಾಯದ ಕ್ರಮದಲ್ಲಿ ಹಿರಿಯರ ಮುಂದೆ ಬಂದು ಕೈಮುಗಿಯುವುದು, ಹಿರಿಯರು ದೇವರ ಆಶೀರ್ವಾದ ಕೋರುವುದು. ಸಿರಿಯನ್ ಮನೆಗಳಲ್ಲಿ ಕುರಿಶುವರ ಆದ ಮೇಲೆ ಮಕ್ಕಳು ಹಿರಿಯರಿಗೆ ಸ್ತುತಿ ಹೇಳುತ್ತಾರೆ, ಹೆಚ್ಚುಕಮ್ಮಿ ಅದೇ ರೀತಿ. ಸಂಜೆ ಆಡುವಾಗ ಜಗಳ ಮಾಡಿ ಬೈಸಿಕೊಂಡ ಮಗುವಿಗೆ ಮಲಗುವ ಮುಂಚೆ ಅಪ್ಪನ ಕೈ ತಲೆ ಮೇಲೆ ಬರುತ್ತದೆ. ಪ್ರೊಟೆಸ್ಟೆಂಟ್ ಮನೆಗಳೂ ಇದನ್ನು ಕಲಿತರೆ ನಷ್ಟ ಇಲ್ಲ ಎಂದು ನನಗೆ ಅನ್ನಿಸುತ್ತದೆ.

ಗಂಡ ಸಿ.ಎಸ್.ಐ., ನಾನು ಕಥೋಲಿಕಳು. ಒಟ್ಟಿಗೆ ಹೇಗೆ ಪ್ರಾರ್ಥಿಸುವುದು?

ಇಬ್ಬರಿಗೂ ಸೇರಿದ್ದು ಬೇಕಾದಷ್ಟಿದೆ. ಕೀರ್ತನೆಗಳು, ಸುವಾರ್ತೆ, ಕರ್ತನ ಪ್ರಾರ್ಥನೆ, ಅಪೊಸ್ತಲರ ವಿಶ್ವಾಸಪ್ರಮಾಣ. ಎಲ್ಲರೂ ಸೇರುವ ಹೊತ್ತಿಗೆ ಇವನ್ನು ಇಟ್ಟುಕೊಳ್ಳಿ. ತೇರ್ಸ್ ಹೇಳುವ ಅಮ್ಮ ಮಕ್ಕಳ ಜೊತೆ ಬೇರೆ ಹೊತ್ತಿನಲ್ಲಿ ಹೇಳಲಿ, ಅಪ್ಪ ಮೂದಲಿಸದೆ ಇರಲಿ. ಕರ್ತನ ಪ್ರಾರ್ಥನೆಯ ಮಾತುಗಳು ಎರಡು ಕಡೆ ಸ್ವಲ್ಪ ಬೇರೆ. ಮಕ್ಕಳು ಎರಡನ್ನೂ ಕಲಿಯುತ್ತಾರೆ, ನಾಲ್ಕು ಭಾಷೆ ಕಲಿತ ಮಕ್ಕಳಿಗೆ ಇದು ದೊಡ್ಡದಲ್ಲ.

ಪಪ್ಪ ಗಲ್ಫಿನಲ್ಲಿ. ವರ್ಷಕ್ಕೊಮ್ಮೆ ಬರುತ್ತಾರೆ.

ಕಾಸರಗೋಡಿನಲ್ಲಿ ಈ ಪ್ರಶ್ನೆ ಕೇಳದ ಸಭೆ ಇಲ್ಲ. ಮೊದಲು ಗಡಿಯಾರದ ಲೆಕ್ಕ. ದುಬೈ, ಅಬುಧಾಬಿ ನಮಗಿಂತ ಒಂದೂವರೆ ಗಂಟೆ ಹಿಂದೆ. ಕುವೈತ್, ಕತಾರ್, ಸೌದಿ ಎರಡೂವರೆ ಗಂಟೆ ಹಿಂದೆ. ಇಲ್ಲಿ ರಾತ್ರಿ ಎಂಟು ಎಂದರೆ ದುಬೈಯಲ್ಲಿ ಆರೂವರೆ, ಕುವೈತಿನಲ್ಲಿ ಐದೂವರೆ. ಅಪ್ಪ ಕಂಪನಿ ಬಸ್ಸಿನಲ್ಲೇ ಇರಬಹುದು. ಹಾಗಾಗಿ ದಿನಾ ವಿಡಿಯೋ ಕಾಲ್ ಮಾಡಲೇಬೇಕು ಎಂಬ ಹಟ ಬೇಡ.

ದಿನಾ ಮಾಡಲು ಸುಲಭವಾದದ್ದು ವಾಯ್ಸ್ ಮೆಸೇಜ್. ಅಪ್ಪ ಬಿಡುವಾದಾಗ ಒಂದು ವಚನ ಓದಿ, ಮಕ್ಕಳ ಹೆಸರು ಹೇಳಿ ಪ್ರಾರ್ಥಿಸಿ ಕಳಿಸಲಿ. ಪ್ರಾರ್ಥನೆಯ ಹೊತ್ತಿಗೆ ಅಮ್ಮ ಅದನ್ನು ಹಾಕಲಿ. ಈ ಒಂದು ಕಡೆ ಮಾತ್ರ ಫೋನಿಗೆ ರಜೆ ಇಲ್ಲ. ರಜಾ ದಿನ ನೇರ ಕಾಲ್. ಯು.ಎ.ಇ.ಯಲ್ಲಿ ಸಾಮಾನ್ಯವಾಗಿ ವಾಟ್ಸಾಪ್ ಕಾಲ್ ನಡೆಯುವುದಿಲ್ಲ, ಬೋಟಿಮ್‌ನಂಥ ಆ್ಯಪ್ ಬಳಸುತ್ತಾರೆ ಎಂಬುದು ಅಲ್ಲಿಯವರಿಗೆಲ್ಲ ಗೊತ್ತಿದೆ. ಕಾಲಿನಲ್ಲಿ ಅಪ್ಪ ಮಾರ್ಕು ಎಷ್ಟು ಬಂತು ಎಂದು ವಿಚಾರಣೆ ಮಾಡುವುದು ಪ್ರಾರ್ಥನೆ ಮುಗಿದ ಮೇಲೆ.

ಅಪ್ಪ ಊರಿಗೆ ಬಂದಾಗ ಒಂದು ಎಚ್ಚರ. ಹನ್ನೊಂದು ತಿಂಗಳು ಅಮ್ಮ ನಡೆಸಿಕೊಂಡು ಬಂದ ಕ್ರಮವನ್ನು ಬಂದ ರಾತ್ರಿಯೇ ಬದಲಿಸಬೇಡಿ. ಮೊದಲ ವಾರ ಸುಮ್ಮನೆ ಜೊತೆಗೆ ಕೂತುಕೊಳ್ಳಿ.

ಗಂಡ ಮನೆಯಲ್ಲೇ ಇದ್ದಾರೆ, ಆದರೆ ಪ್ರಾರ್ಥನೆಗೆ ಕೂರುವುದಿಲ್ಲ.

ಮಕ್ಕಳ ಜೊತೆ ನೀವು ಕೂತುಕೊಳ್ಳಿ. ತಿಮೊಥೆಯನ ತಂದೆ ಗ್ರೀಕನಾಗಿದ್ದ, ಅವನ ನಂಬಿಕೆಯ ಬಗ್ಗೆ ಬೈಬಲ್ ಒಂದು ಮಾತೂ ಹೇಳುವುದಿಲ್ಲ. ತಾಯಿಯೂ ಅಜ್ಜಿಯೂ ನಡೆಸಿದರು. ದಿನಾ ಒಮ್ಮೆ ಕರೆಯಿರಿ, ಬಾರದಿದ್ದರೆ ಮುಖ ಊದಿಸಬೇಡಿ, ಪ್ರಾರ್ಥನೆಯಲ್ಲಿ ಅವರಿಗೆ ಕೇಳಿಸುವ ಹಾಗೆ ಚುಚ್ಚಬೇಡಿ. ಮಕ್ಕಳ ಎದುರು "ನಿನ್ನ ಅಪ್ಪನಿಗೆ ದೇವರು ಬೇಡ" ಎನ್ನಬೇಡಿ. ಕೆಲವರಿಗೆ ಬಾಯಿಬಿಟ್ಟು ಪ್ರಾರ್ಥಿಸಲು ನಾಚಿಕೆ, ಅಷ್ಟೇ ಕಾರಣ. ಓದುವ ಕೆಲಸ ಅವರಿಗೆ ಕೊಟ್ಟರೆ ಬರುತ್ತಾರೆ.

ಮಗು ಏನೇನೋ ಪ್ರಾರ್ಥಿಸುತ್ತದೆ. ತಿದ್ದಬೇಕಾ?

"ನಮ್ಮ ಹೇಂಟೆ ನಾಳೆ ಮೊಟ್ಟೆ ಇಡಲಿ." "ಮಳೆ ಜೋರು ಬಂದು ಕಲೆಕ್ಟರ್ ರಜೆ ಕೊಡಲಿ." ಜುಲೈ ತಿಂಗಳಲ್ಲಿ ಈ ಎರಡನೆಯದನ್ನು ಕೇಳದ ಮನೆ ಕಾಸರಗೋಡು ಜಿಲ್ಲೆಯಲ್ಲಿ ಇರಲಾರದು. ತಿದ್ದಬೇಡಿ. ಆ ಮಗು ತನ್ನ ನಿಜವಾದ ಆಸೆಯನ್ನು ದೇವರ ಮುಂದೆ ಇಡುತ್ತಿದೆ. ನಾವು ಎಷ್ಟೋ ಸಲ ಚೆಂದದ ಮಾತು ಜೋಡಿಸಿ ನಿಜವಾದದ್ದನ್ನು ಬಚ್ಚಿಡುತ್ತೇವೆ.

ತಿದ್ದುವ ಬದಲು ಸ್ವಲ್ಪ ಅಗಲ ಮಾಡಬಹುದು. "ಯಾರಿಗೆ ಥ್ಯಾಂಕ್ಸ್ ಹೇಳೋಣ?", "ಕ್ಲಾಸಿನಲ್ಲಿ ಯಾರಾದರೂ ಜ್ವರದಲ್ಲಿದ್ದಾರಾ?", "ಇವತ್ತು ಯಾರ ಹತ್ತಿರ ಸಾರಿ ಕೇಳಬೇಕು?" ಎಂದು ಕೇಳಿ. ಕೊನೆಯ ಪ್ರಶ್ನೆಗೆ ಮೊದಲು ನೀವು ಉತ್ತರ ಕೊಡಿ. ಅಪ್ಪ "ಬೆಳಿಗ್ಗೆ ನಿನ್ನ ಮೇಲೆ ಕಿರುಚಿದ್ದು ತಪ್ಪಾಯಿತು" ಎಂದು ಹೇಳಿದ ಮನೆಯಲ್ಲಿ ಮಗುವಿಗೆ ಪಾಪ, ಕ್ಷಮೆ ಎಂಬುದನ್ನು ವಿವರಿಸುವ ಕೆಲಸ ಅರ್ಧ ಮುಗಿಯಿತು.

ಅಜ್ಜನಿಗೆ ವಾಸಿಯಾಗಲಿ ಎಂದು ಮಕ್ಕಳು ದಿನಾ ಪ್ರಾರ್ಥಿಸಿದರು. ಅಜ್ಜ ತೀರಿಕೊಂಡರು. ಈಗ ಮಗಳು ಪ್ರಾರ್ಥಿಸುವುದಿಲ್ಲ ಎನ್ನುತ್ತಾಳೆ.

ಬಲವಂತ ಮಾಡಬೇಡಿ. ಜೊತೆಗೆ ಕೂತಿದ್ದರೆ ಸಾಕು. "ದೇವರಿಗೆ ಅಜ್ಜ ಬೇಕಾಗಿತ್ತು" ಎನ್ನಬೇಡಿ, ಮಗುವಿಗೆ ದೇವರು ಕಳ್ಳನ ಹಾಗೆ ಕಾಣುತ್ತಾನೆ. "ಅಜ್ಜ ನಿದ್ದೆ ಮಾಡಿದ್ದಾರೆ" ಎಂದರೆ ರಾತ್ರಿ ಮಲಗಲು ಹೆದರುವ ಮಕ್ಕಳಿದ್ದಾರೆ. ಸತ್ತಿದ್ದಾರೆ ಎಂದೇ ಹೇಳಿ. "ನೀನು ಸರಿಯಾಗಿ ಪ್ರಾರ್ಥಿಸಲಿಲ್ಲ" ಎಂದು ಯಾರಾದರೂ ನೆಂಟರು ಹೇಳಿದರೆ, ಅವರೆದುರೇ ಅದು ಸುಳ್ಳು ಎಂದು ಮಗುವಿಗೆ ಹೇಳಿ.

ಯೋಹಾನ 11 ಓದಿ. ಲಾಜರನನ್ನು ಎಬ್ಬಿಸಲಿದ್ದೇನೆ ಎಂದು ಗೊತ್ತಿದ್ದೂ ಯೇಸು ಸಮಾಧಿಯ ಹತ್ತಿರ ಅತ್ತ. ನೀವೂ ಮಕ್ಕಳ ಎದುರು ಅಳಬಹುದು. ಯಾಕೆ ವಾಸಿಯಾಗಲಿಲ್ಲ ಎಂಬ ಪ್ರಶ್ನೆಗೆ "ನನಗೂ ಗೊತ್ತಿಲ್ಲ ಮಗಳೇ" ಎಂದರೆ ನಂಬಿಕೆ ಬಿದ್ದುಹೋಗುವುದಿಲ್ಲ. ಕೀರ್ತನೆ 13 ದೇವರೇ ಇನ್ನೂ ಎಷ್ಟು ಕಾಲ ಎಂದು ದೂರುತ್ತಲೇ ಶುರುವಾಗುತ್ತದೆ. ಬೈಬಲಿನಲ್ಲೇ ದೂರಿಗೆ ಜಾಗ ಇದೆ ಎಂದು ತಿಳಿದರೆ ಆ ಮಗು ಮತ್ತೆ ಬಾಯಿ ತೆರೆಯಬಹುದು. ಅದಕ್ಕೆ ತಿಂಗಳುಗಳು ಹಿಡಿಯಬಹುದು.

ಪ್ರಾರ್ಥನೆಯ ಹೊತ್ತಿಗೆ ಪಕ್ಕದ ಮನೆಯ ಹಿಂದೂ, ಮುಸ್ಲಿಂ ಮಕ್ಕಳು ಆಡುತ್ತಾ ಇರುತ್ತಾರೆ.

"ನಮ್ಮ ಪ್ರಾರ್ಥನೆಯ ಹೊತ್ತಾಯಿತು, ನಾಳೆ ಬನ್ನಿ" ಎಂದು ಹೇಳಿ ಕಳಿಸಿ. ಹೊರಗೆ ಮಳೆ ಇದ್ದರೆ ಚಾವಡಿಯಲ್ಲಿ ಕೂರಲಿ. ಅವರನ್ನು ಪ್ರಾರ್ಥನೆಗೆ ಕೂರಿಸುವುದು, ಹಾಡಿಸುವುದು ಬೇಡ. ಅವರ ಅಪ್ಪ ಅಮ್ಮ ನಂಬಿ ನಮ್ಮ ಅಂಗಳಕ್ಕೆ ಬಿಟ್ಟಿದ್ದಾರೆ. ನಮ್ಮ ಮಗು ಅವರ ಮನೆಯಲ್ಲಿದ್ದಾಗ ನಾವು ಏನು ಬಯಸುತ್ತೇವೋ ಅದನ್ನೇ ಮಾಡೋಣ.

ಹಬ್ಬದ ದಿನಗಳಲ್ಲಿ ಏನಾದರೂ ವಿಶೇಷ ಮಾಡಬಹುದಾ?

ಮಾಡಬಹುದು, ಮಕ್ಕಳಿಗೆ ಉಳಿಯುವುದು ಅದೇ. ಕೊಂಕಣಿ ಮನೆಗಳಲ್ಲಿ ಮೊಂತಿ ಫೆಸ್ತ್ (ಮರಿಯಮ್ಮನ ಹುಟ್ಟುಹಬ್ಬ, ತೆನೆ ಹಬ್ಬ) ಸೆಪ್ಟೆಂಬರ್ 8ಕ್ಕೆ. ಅದಕ್ಕೆ ಮುಂಚಿನ ಒಂಬತ್ತು ದಿನ ಮಕ್ಕಳು ಹೂ ಕೊಯ್ದು ಚರ್ಚಿಗೆ ಒಯ್ಯುತ್ತಾರೆ. ಆ ದಿನಗಳಲ್ಲಿ ಮನೆಯ ಪ್ರಾರ್ಥನೆಯಲ್ಲೂ ಒಂದು ಹಿಡಿ ಹೂ ಇಡಿ. ಹೊಸ ತೆನೆ ಮನೆಗೆ ಬಂದಾಗ ಹಿರಿಯರು ಪ್ರಾರ್ಥಿಸಿ ಹೊಸಕ್ಕಿ ಹಂಚುವುದು ಸ್ವತಃ ಒಂದು ಪೂರ್ಣ ಆರಾಧನೆ, ಅದಕ್ಕೆ ಬೇರೇನೂ ಸೇರಿಸಬೇಕಾಗಿಲ್ಲ. ಸಿ.ಎಸ್.ಐ. ಮನೆಗಳಲ್ಲಿ ಬೆಳೆ ಹಬ್ಬಕ್ಕೆ ಒಯ್ಯುವ ತೆಂಗಿನಕಾಯಿ, ಬಾಳೆಗೊನೆಯನ್ನು ಹಿಂದಿನ ರಾತ್ರಿ ಮಕ್ಕಳೇ ಆರಿಸಲಿ, ಅದರ ಸುತ್ತ ಕೂತು ಪ್ರಾರ್ಥಿಸಿ. ಒಳ್ಳೆಯ ಕಾಯಿಯನ್ನು ಮನೆಗಿಟ್ಟು ಸಣ್ಣದನ್ನು ಚರ್ಚಿಗೆ ಕೊಡುವ ಆಲೋಚನೆ ಆಗ ತಾನಾಗಿ ಬಿಟ್ಟುಹೋಗುತ್ತದೆ.

ಕ್ರಿಸ್‌ಮಸ್‌ಗೆ ಮುಂಚಿನ ನಾಲ್ಕು ಭಾನುವಾರ ಒಂದೊಂದು ಮೇಣದಬತ್ತಿ ಹೆಚ್ಚಿಸುತ್ತಾ ಹೋಗಿ. ಗೋದಲಿಯಲ್ಲಿ (ಯೇಸು ಹುಟ್ಟಿದ ಕೊಟ್ಟಿಗೆಯ ಮಾದರಿಯಲ್ಲಿ) ಬಾಲಯೇಸುವಿನ ಗೊಂಬೆಯನ್ನು ಕ್ರಿಸ್‌ಮಸ್ ರಾತ್ರಿವರೆಗೆ ಇಡಬೇಡಿ. ಮಕ್ಕಳು ಖಾಲಿ ಜಾಗ ನೋಡುತ್ತಾ ಕಾಯುತ್ತಾರೆ.

ಎರಡು ವಾರ ಮಾಡಿ ನಿಂತುಹೋಯಿತು. ಹೀಗೆ ಎಷ್ಟು ಸಲ ಆಗಿದೆಯೋ.

ಎಲ್ಲಾ ಮನೆಗಳಲ್ಲೂ ಆಗುತ್ತದೆ. ಜ್ವರ, ಪರೀಕ್ಷೆ, ಮದುವೆ, ನೆಂಟರು. ತಪ್ಪಿದ ದಿನಗಳ ಲೆಕ್ಕ ಹಿಡಿಯಬೇಡಿ, ಸಾಲ ತೀರಿಸುವಂತೆ ಎರಡು ಪಾಲು ಓದಬೇಡಿ. ಇವತ್ತು ರಾತ್ರಿ ಮತ್ತೆ ಕೂತುಕೊಳ್ಳಿ, ಬರೀ ಕರ್ತನ ಪ್ರಾರ್ಥನೆ ಆದರೂ ಸರಿ. ವಾರಕ್ಕೆ ಐದು ದಿನ ನಡೆದರೆ ಅದು ಚೆನ್ನಾಗಿ ನಡೆಯುವ ಮನೆ.

ದೊಡ್ಡವನಿಗೆ ಹತ್ತು ದಾಟಿತು, ಚಿಕ್ಕವಳಿಗೆ ನಾಲ್ಕು. ಅವನಿಗೆ ಇದೆಲ್ಲ ಚಿಕ್ಕ ಮಕ್ಕಳ ಆಟ ಅನ್ನಿಸುತ್ತಿದೆ.

ಅವನ ಕೈಗೆ ಕೆಲಸ ಕೊಡಿ. ವಾರಕ್ಕೆ ಒಂದು ದಿನ ಅವನೇ ನಡೆಸಲಿ, ಓದು ಅವನೇ ಆರಿಸಲಿ. ಯುದ್ಧದ ಕಥೆಯನ್ನೇ ಆರಿಸಿದರೂ ಓದಿಸಿ. ಚಿಕ್ಕವಳು ಮಲಗಿದ ಮೇಲೆ ಅವನ ಜೊತೆ ಐದು ನಿಮಿಷ ಬೇರೆ ಕೂತು, ಅವನು ಚಿಕ್ಕವಳೆದುರು ಕೇಳಲಾರದ ಪ್ರಶ್ನೆಗಳಿಗೆ ಜಾಗ ಮಾಡಿ. ಸ್ವಂತ ಬೈಬಲ್ ಕೊಡಿಸುವುದಾದರೆ ಗೀಟು ಎಳೆಯಲು, ಬದಿಯಲ್ಲಿ ಬರೆಯಲು ಬಿಡಿ. ಜೋರಾಗಿ ಪ್ರಾರ್ಥಿಸಲು ಅವನಿಗೆ ಮುಜುಗರ ಆದರೆ "ಇವತ್ತು ನಾನು ಇಲ್ಲ" ಎಂದು ಹೇಳುವ ಸ್ವಾತಂತ್ರ್ಯ ಇರಲಿ. ಕೂರುವುದು ಮಾತ್ರ ಎಲ್ಲರೂ.